ದೂರದರ್ಶನದ ಪಾಕಪ್ರಯೋಗ ಮತ್ತು ರಸಾಸ್ವಾದ

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವನ್ನು ವಿವರಿಸುವಾಗ ನಾನಾ ವ್ಯಂಜನಗಳಿಂದ ಹದಗೊಂಡ ಅನ್ನದ ಉಪಮಾನವನ್ನು ತರುತ್ತಾನೆ. ದೂರದರ್ಶನದ ಅಡುಗೆ ಕಾರ್ಯಕ್ರಮದಲ್ಲಿ ಈ ಉಪಮಾನವು ತಿರುಗುಮುರುಗಾಗಿದೆ. ಅಲ್ಲಿ ಅನ್ನವೇ ನಾಟ್ಯವಾಗಿದೆ. ನೋಡುವವನಿಗೆ ಪರಿಮಳವೂ ಇಲ್ಲ, ರುಚಿಯೂ ಇಲ್ಲ. ಆದರೂ ಅವನು ಸಂತೋಷಪಡುವುದೇಕೆ?

ಜಿಹ್ವಾಚಾಪಲ್ಯವೇ ಇದಕ್ಕೆ ಕಾರಣವೆಂಬ ಮಾತು ನಮಗೆ ಸಮ್ಮತವಲ್ಲ. ಹಾಗಿದ್ದರೆ ಸಿದ್ಧಭಕ್ಷ್ಯದ ಚಿತ್ರವೊಂದೇ ಸಾಕಿತ್ತು. 1963ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಪ್ರಸಾರವಾಗತೊಡಗಿದ 'ದಿ ಫ್ರೆಂಚ್ ಷೆಫ್' ಕಾರ್ಯಕ್ರಮದಲ್ಲಿ ಜೂಲಿಯಾ ಚೈಲ್ಡ್ ಆಲೂಗೆಡ್ಡೆಯ ದೋಸೆಯಂಥ ತಿನಿಸೊಂದನ್ನು ಬಾಣಲೆಯಿಂದಲೇ ಚಿಮ್ಮಿಸಿ ಮಗುಚಲು ಹೋದಾಗ ಅದು ಮುರಿದು, ಒಂದಿಷ್ಟು ಒಲೆಯ ಮೇಲೆ ಬಿದ್ದಿತು. ಆಕೆ ಅದನ್ನು ಆಯ್ದು ಬಾಣಲೆಗೆ ಸೇರಿಸಿ, ಮಗುಚುವಾಗ ತನಗೆ ಧೈರ್ಯ ಸಾಲದಾಯಿತೆಂದು ಒಪ್ಪಿಕೊಂಡು ಮುಂದುವರಿದಳು. ಚಿತ್ರೀಕರಣವು ಬಹುಮಟ್ಟಿಗೆ ಅಖಂಡವಾಗಿ ನಡೆಯುತ್ತಿದ್ದುದರಿಂದ ಆ ಸೋಲು ಉಳಿಯಿತು. ಪ್ರೇಕ್ಷಕರು ಬಹುಕಾಲ ನೆನೆದದ್ದೂ ಅದನ್ನೇ.

ಆದುದರಿಂದ ಇಲ್ಲಿ ಪಕ್ವಾನ್ನಕ್ಕಿಂತ ಪಾಕಕ್ರಿಯೆಯೇ ಆಸ್ವಾದ್ಯವೆಂದು ನಾವು ಭಾವಿಸುತ್ತೇವೆ. ಪದಾರ್ಥವು ಕೈಗೆ ಮಣಿಯುವುದೋ ಇಲ್ಲವೋ ಎಂಬ ಕುತೂಹಲ, ಮಣಿದಾಗಿನ ಸಮಾಧಾನ, ಕೆಟ್ಟುದನ್ನು ಸರಿಪಡಿಸುವ ಜಾಣ್ಮೆ, ಇವೇ ನಮ್ಮನ್ನು ಹಿಡಿದು ನಿಲ್ಲಿಸುತ್ತವೆ. ತಪ್ಪಿಗೆ ಎಡೆಯಿಲ್ಲದಂತೆ ಕತ್ತರಿಸಿ ಜೋಡಿಸಿದ ಇಂದಿನ ಎಷ್ಟೋ ಕಾರ್ಯಕ್ರಮಗಳು ಕಣ್ಣಿಗೆ ಹಬ್ಬವಾಗಿಯೂ ಮನಸ್ಸಿನಲ್ಲಿ ನಿಲ್ಲದಿರುವುದಕ್ಕೆ ಕಾರಣವೂ ಇದೇ.