ಇನ್‌ಫ್ಲುಯೆಂಜಾ ನಿರ್ಣಯ ಮತ್ತು ಇತಿಹಾಸದ ಸಾಕ್ಷ್ಯ

1918ರ ಮಹಾಜ್ವರವನ್ನು 'ಎಚ್1ಎನ್1' ಎಂದು ಹೆಸರಿಸುವುದು ಈಗ ರೂಢಿಯಾಗಿದೆ. ಆ ಹೆಸರನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರದೇಶದ ಅಂದಿನ ಸಾವುಗಳಿಗೆ ಅನ್ವಯಿಸುವ ಮುನ್ನ, ಅದು ಯಾವ ಪರೀಕ್ಷೆಯಿಂದ ಬಂದಿತೆಂಬುದನ್ನು ಇತಿಹಾಸದ ವಿದ್ಯಾರ್ಥಿಯು ವಿಚಾರಿಸತಕ್ಕದ್ದು.

ಆಗ ಈ ಪ್ರದೇಶವು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಇನ್‌ಫ್ಲುಯೆಂಜಾ ವೈರಸ್ಸನ್ನು ಗುರುತಿಸುವ ವಿಧಾನವಾದರೋ ಲೋಕದ ಯಾವ ಪ್ರಯೋಗಶಾಲೆಯಲ್ಲಿಯೂ ಇರಲಿಲ್ಲ. 1892ರಲ್ಲಿ ಫೈಫರ್ ವರ್ಣಿಸಿದ ಬ್ಯಾಕ್ಟೀರಿಯವೇ ರೋಗಕಾರಣವೆಂದು ಅನೇಕ ವೈದ್ಯರು ನಂಬಿದ್ದರು. ಪ್ರಯೋಗಶಾಲೆಯ ವರದಿಯೂ ತನ್ನ ಕಾಲದ ಮಿತಿಗೆ ಒಳಪಟ್ಟ ಆಕರವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. 1933ರಲ್ಲಿ ಸ್ಮಿತ್, ಆಂಡ್ರ್ಯೂಸ್, ಲೇಡ್ಲಾ ಇವರು ಫೆರೆಟ್ ಪ್ರಾಣಿಗಳ ನೆರವಿನಿಂದ ಮಾನವ ವೈರಸ್ಸನ್ನು ಬೇರ್ಪಡಿಸಿದರು. ಆ ವೈರಸ್ಸು ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವುದನ್ನು 1941ರಲ್ಲಿ ಹರ್ಸ್ಟ್ ಕಂಡನು. ಯಾವ ಸೀರಮ್ಮು ಈ ಅಂಟುವಿಕೆಯನ್ನು ತಡೆಯುವುದೆಂಬುದರಿಂದ ವೈರಸ್ಸಿನ ಬಗೆಯನ್ನು ನಿರ್ಣಯಿಸುವುದು ಸಾಧ್ಯವಾಯಿತು. 1918ರ ವೈರಸ್ಸಿನ ಬಗೆ ಖಚಿತವಾದುದು ಮತ್ತೂ ತಡವಾಗಿ: 1997ರಿಂದ 2005ರವರೆಗೆ ಅಮೆರಿಕದಲ್ಲಿ ಟಾಬೆನ್‌ಬರ್ಗರ್ ಮತ್ತು ಸಂಗಡಿಗರು, ಕಾಪಿಟ್ಟ ಅಂಗಾಂಶಗಳಿಂದಲೂ ಅಲಾಸ್ಕದ ಹಿಮಭೂಮಿಯಲ್ಲಿ ಹೂತಿದ್ದ ಶವದಿಂದಲೂ ದೊರೆತ ಜೀನುಗಳನ್ನು ಓದಿದರು. ಆದುದರಿಂದ ಕುಷ್ಟಗಿಯ ಸಾವಿಗೆ ಎಚ್1ಎನ್1 ಎಂಬ ಹೆಸರು ಕೊಡುವುದು ಬಲವಾದ ಅನುಮಾನ ಪ್ರಮಾಣವೇ ಹೊರತು ಪ್ರತ್ಯಕ್ಷ ಪ್ರಮಾಣವಲ್ಲ.

ಸಂಖ್ಯೆಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. 1911ರ ಜನಗಣತಿಯಲ್ಲಿ ಸುಮಾರು 1 ಕೋಟಿ 34 ಲಕ್ಷವಿದ್ದ ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1921ರಲ್ಲಿ ಸುಮಾರು 1 ಕೋಟಿ 25 ಲಕ್ಷಕ್ಕಿಳಿಯಿತು. ಈ ಇಳಿತವೆಲ್ಲ ಇನ್‌ಫ್ಲುಯೆಂಜಾದ ಫಲವೆನ್ನಲಾಗದು. ಪ್ಲೇಗೂ 1918ರ ಮಳೆಯ ಅಭಾವವೂ ಆ ದಶಕಕ್ಕೆ ಸೇರಿದವು. ಹಾಗೆಂದು, ಪ್ರಯೋಗಶಾಲೆಯ ಸಾಕ್ಷ್ಯವಿಲ್ಲವೆಂಬ ಕಾರಣಕ್ಕೆ ಸತ್ತವರನ್ನು ಲೆಕ್ಕದಿಂದ ಬಿಡುವುದು ಇನ್ನೂ ದೊಡ್ಡ ದೋಷ. ಪರೀಕ್ಷೆಯೇ ಇಲ್ಲದ ಕಾಲದವರಿಂದ ಪರೀಕ್ಷಾಫಲವನ್ನು ಕೇಳುವುದು ನ್ಯಾಯವಲ್ಲ.

1957ರ ಸ್ಥಿತಿ ಬೇರೆ. ಆ ವರ್ಷದ ಮೇ ತಿಂಗಳಲ್ಲಿ 'ಏಷ್ಯನ್ ಫ್ಲೂ' ಮದರಾಸನ್ನು ಮುಟ್ಟಿದಾಗ, ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನ ಇನ್‌ಫ್ಲುಯೆಂಜಾ ಕೇಂದ್ರದಲ್ಲಿ ವೈರಸ್ಸನ್ನು ಬೇರ್ಪಡಿಸಿ ಪರೀಕ್ಷಿಸುವ ಅನುಕೂಲವಿತ್ತು. ಇಂದು ಆರ್‌ಟಿ-ಪಿಸಿಆರ್ ವಿಧಾನದಿಂದ ಕೆಲವೇ ಗಂಟೆಗಳಲ್ಲಿ ವೈರಸ್ಸನ್ನು ಪತ್ತೆಹಚ್ಚಿ ಅದರ ಬಗೆಯನ್ನೂ ತಿಳಿಯಬಹುದು. ಆದರೆ ಮೂಗು-ಗಂಟಲಿನ ದ್ರವವನ್ನು ಜ್ವರದ ಮೊದಲ ದಿನಗಳಲ್ಲಿಯೇ ತೆಗೆದು, ತಂಪು ಕೆಡದಂತೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಯಲಬುರ್ಗಾದ ಹಳ್ಳಿಯೊಂದರಲ್ಲಿ ಜ್ವರ ಬಂದು ತಾನಾಗಿ ಇಳಿದುಹೋದ ಕೂಲಿಯವನ ದ್ರವವನ್ನು ಯಾರೂ ತೆಗೆಯದಿದ್ದರೆ, ಅವನ ಕಾಯಿಲೆ ಯಾವ ಪಟ್ಟಿಯಲ್ಲಿಯೂ ಕಾಣದು. ಪಟ್ಟಿಯ ಮೌನವನ್ನು ರೋಗದ ಅಭಾವವೆಂದು ತಿಳಿಯುವ ಮುಂದಿನ ಇತಿಹಾಸಕಾರನು ಮೋಸಹೋಗುವನು.

ಆದುದರಿಂದ ರೋಗಚರಿತ್ರೆಯನ್ನು ಬರೆಯುವವರು ರೋಗದ ಹೆಸರಿನೊಡನೆ ಮೂರು ಸಂಗತಿಗಳನ್ನು ತಿಳಿಸುವುದು ಒಳ್ಳೆಯದು: ಪರೀಕ್ಷೆ ನಡೆಯಿತೇ, ಯಾವ ವಿಧಾನದಿಂದ, ಎಷ್ಟು ಜನರಲ್ಲಿ. ನಮ್ಮ ನಾಲ್ಕು ತಾಲ್ಲೂಕುಗಳ ಮರಣದಾಖಲೆಗಳನ್ನು ಶೋಧಿಸಲು ಹೊರಡುವ ವಿದ್ಯಾರ್ಥಿಗಳು, 'ಜ್ವರ' ಎಂಬ ನಮೂದನ್ನು 'ಜ್ವರ' ಎಂದೇ ಪ್ರತಿಮಾಡಿಕೊಂಡು, ತಮ್ಮ ಊಹೆಯನ್ನು ಪ್ರತ್ಯೇಕವಾಗಿ ಬರೆಯಲಿ.