ಗೊಂಬೆಯ ಎದೆ, ವಾರ್ಡಿನ ಹಾಸಿಗೆ

ಚನ್ನಪಟ್ಟಣದ ಗೊಂಬೆಗೆ ಹಾಲೆ ಮರ, ಅರಗಿನ ಬಣ್ಣ. ನಾರ್ವೆಯ ಆಸ್ಮುಂಡ್ ಲಾರ್ಡಾಲ್ ಕೂಡ ಮರದ ಆಟಿಕೆ ಮಾಡುತ್ತಿದ್ದವನೇ. ಆಮೇಲೆ ಮೆತ್ತನೆಯ ಪ್ಲಾಸ್ಟಿಕ್ಕಿಗೆ ಕೈ ಹಾಕಿದ. 1960ರಲ್ಲಿ ಅವನು ಹೊರತಂದ 'ರೆಸಸಿ ಆ್ಯನ್' ಬಾಯಿಂದ ಬಾಯಿಗೆ ಉಸಿರೂದುವುದನ್ನು ಕಲಿಸುವ ಗೊಂಬೆ. ಎದೆಯೊಳಗೆ ಸ್ಪ್ರಿಂಗ್ ಸೇರಿದ್ದು ಬಳಿಕ. ಐಸಿಯು ನರ್ಸುಗಳ ತುರ್ತುಚಿಕಿತ್ಸೆ ತರಬೇತಿಗೆ ಇಂದು ಬಳಸುವುದು ಅದರ ಮೊಮ್ಮಕ್ಕಳನ್ನು: ನಾಡಿ ಮಿಡಿಯುತ್ತದೆ, ಎದೆ ಏರಿಳಿಯುತ್ತದೆ, ಬೋಧಕರು ಗುಂಡಿ ಒತ್ತಿದರೆ ಹೃದಯ ನಿಲ್ಲುತ್ತದೆ.

ಭಾರತೀಯ ಶುಶ್ರೂಷಾ ಪರಿಷತ್ತು 2021ರ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮದಲ್ಲಿ ಸಿಮ್ಯುಲೇಶನ್ನಿಗೆ, ಅಂದರೆ ಇಂಥ ಅಣಕು ಅಭ್ಯಾಸಕ್ಕೆ, ಜಾಗ ಕೊಟ್ಟಿದೆ. ಒಳ್ಳೆಯದೇ. ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವುದು, ಓದಿ ಬರುವ ವಿದ್ಯೆಯಲ್ಲ. ಎದೆ ಒತ್ತಬೇಕಾದ್ದು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ. ಎರಡು ನಿಮಿಷದಲ್ಲಿ ತೋಳು ಸೋಲುತ್ತದೆ, ಒತ್ತುವವರು ಬದಲಾಗಬೇಕು.

ಆದರೆ ಲ್ಯಾಬಿನಲ್ಲಿ ಗೊಂಬೆ ಮಲಗುವುದು ಹೆಚ್ಚಾಗಿ ನೆಲದ ಮೇಲೆ ಅಥವಾ ಗಟ್ಟಿ ಮೇಜಿನ ಮೇಲೆ. ಐಸಿಯುವಿನಲ್ಲಿ ರೋಗಿ ಮಲಗುವುದು ಹಲವು ಸಲ ಬೆನ್ನುಹುಣ್ಣಾಗದಂತೆ ಹಾಸಿದ ಗಾಳಿಹಾಸಿಗೆಯ ಮೇಲೆ. ಒತ್ತಿದ್ದರಲ್ಲಿ ಅರ್ಧವನ್ನು ಹಾಸಿಗೆಯೇ ನುಂಗಿದರೆ ಎದೆಗೆ ತಲುಪುವುದೆಷ್ಟು? ಗಾಳಿ ಬಿಡುವ ವಾಲ್ವ್ ಎಲ್ಲಿದೆ, ಬೆನ್ನ ಕೆಳಗೆ ಸೇರಿಸುವ ಹಲಗೆ ಯಾವ ಮಂಚದ ಹಿಂದಿದೆ ಎಂಬುದನ್ನು ಬೇರೆ ಊರಿನ ಲ್ಯಾಬ್ ಕಲಿಸಲಾರದು. ಅದಕ್ಕೆ ನರ್ಸ್ ದಿನವೂ ಓಡಾಡುವ ವಾರ್ಡಿನಲ್ಲೇ, ಅಲ್ಲಿನ ಕ್ರಾಶ್ ಕಾರ್ಟ್ (ತುರ್ತು ಔಷಧಿ, ಸಲಕರಣೆಗಳ ಗಾಡಿ) ಎಳೆದುಕೊಂಡೇ ಅಭ್ಯಾಸವಾಗಬೇಕು.

ಈ ತರಬೇತಿಯ ನಿಜವಾದ ಗೆಲುವು ಗೊಂಬೆಯದಲ್ಲ, ಮಾತಿನದು. 'ಸಿಸ್ಟರ್, ಅಡ್ರಿನಲಿನ್ ಒಂದು ಮಿಲಿಗ್ರಾಂ' ಎಂದು ಡಾಕ್ಟರು ಕೂಗಿದರೆ, 'ಅಡ್ರಿನಲಿನ್ ಒಂದು ಮಿಲಿಗ್ರಾಂ ಕೊಟ್ಟೆ ಸರ್' ಎಂದು ತಿರುಗಿ ಹೇಳಬೇಕು. ಇಲ್ಲದಿದ್ದರೆ ಕೊಟ್ಟಾಯಿತೋ ಇಲ್ಲವೋ ಯಾರಿಗೂ ಗೊತ್ತಾಗದು. ಇನ್ನೂ ಕಷ್ಟದ್ದು, 'ಸರ್, ಎರಡು ನಿಮಿಷ ಆಯ್ತು, ಕೈ ಬದಲಾಯಿಸಿ' ಎಂದು ಹಿರಿಯ ಡಾಕ್ಟರಿಗೆ ಹೇಳುವುದು. ನಮ್ಮ ಆಸ್ಪತ್ರೆಗಳಲ್ಲಿ ಆ ವಾಕ್ಯಕ್ಕೆ ಗಂಟಲೇ ಕಟ್ಟುತ್ತದೆ. ವಿಮಾನ ಪೈಲಟ್‌ಗಳ ತರಬೇತಿಯಿಂದ ಈ ಪಾಠವನ್ನು ಅರಿವಳಿಕೆ ವಿಭಾಗಕ್ಕೆ ತಂದವರು ಸ್ಟ್ಯಾನ್‌ಫರ್ಡಿನ ಡೇವಿಡ್ ಗಾಬಾ. ಅಣಕು ಅಭ್ಯಾಸ ಮುಗಿದ ಮೇಲೆ ಎಲ್ಲರೂ ಕುಳಿತು ತಪ್ಪು-ಒಪ್ಪು ಮಾತಾಡುವುದು ಅದರ ಜೀವಾಳ. ಅನೇಕ ಕಡೆ ಹೊತ್ತಾಯಿತೆಂದು ಕೈಬಿಡುವುದೂ ಅದನ್ನೇ.

ಸರ್ಟಿಫಿಕೇಟಿನದು ಇನ್ನೊಂದು ತಮಾಷೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಕಾರ್ಡಿಗೆ ಎರಡು ವರ್ಷ ಆಯುಸ್ಸು. ಕಲಿತ ಕೈಚಳಕವೋ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ. ತರಬೇತಿಯಿಂದ ನರ್ಸುಗಳ ಧೈರ್ಯ, ಕೌಶಲ ಹೆಚ್ಚುತ್ತವೆ ಎಂಬುದಕ್ಕೆ ಸಿಗುವಷ್ಟು ಪುರಾವೆ, ರೋಗಿಗಳು ಹೆಚ್ಚು ಬದುಕುತ್ತಾರೆ ಎಂಬುದಕ್ಕೆ ಸಿಗುವುದಿಲ್ಲ. ದುಬಾರಿ ಗೊಂಬೆಯನ್ನು ವರ್ಷಕ್ಕೊಮ್ಮೆ ಮುಟ್ಟುವುದಕ್ಕಿಂತ ಅಗ್ಗದ ಗೊಂಬೆಯನ್ನು ತಿಂಗಳಿಗೊಮ್ಮೆ ಹತ್ತು ನಿಮಿಷ ಒತ್ತುವುದೇ ವಾಸಿ.

ಕೈಲಾಂಚದಂಥ ಹಳ್ಳಿಯಿಂದ ರಾತ್ರಿ ಎರಡಕ್ಕೆ 108 ಆಂಬುಲೆನ್ಸಿನಲ್ಲಿ ಎದೆನೋವೆಂದು ಹೊರಟ ರೈತನಿಗೆ ಸಿಗುವುದು ಆ ಪಾಳಿಯಲ್ಲಿರುವ ನರ್ಸ್. ತರಬೇತಿಗಳು ಮಾತ್ರ ಹೆಚ್ಚಾಗಿ ನಡೆಯುವುದು ಹಗಲು ಪಾಳಿಯವರಿಗೆ, ಊಟದ ಬಿಡುವಿನ ಸಮೇತ. ಮೊದಲ ಗೊಂಬೆಯನ್ನು ನೈಟ್ ಡ್ಯೂಟಿಯವರ ಮುಂದೆ, ಗಾಳಿಹಾಸಿಗೆಯ ಮೇಲೇ ಮಲಗಿಸಿ ನೋಡಬೇಕು.