ಏಕಚಕ್ರಪುರಕ್ಕೊಬ್ಬ ಶಾನುಭೋಗ

ಅಕ್ಷರದಲ್ಲೇ ನಡೆಯುವ ಪಾತ್ರದಾಟಕ್ಕೆ ಚಿತ್ರವಿಲ್ಲ, ಧ್ವನಿಯಿಲ್ಲ, ವೇಷವೂ ಇಲ್ಲ. ಬೇರೆ ಬೇರೆ ಊರುಗಳಲ್ಲಿರುವ ಕೆಲವರು ಅಂತರ್ಜಾಲದಲ್ಲಿ ಒಂದು ಗುಂಪಾಗಿ ಸೇರಿ ತಲೆಗೊಂದು ಪಾತ್ರ ವಹಿಸಿಕೊಳ್ಳುತ್ತಾರೆ. ತಮ್ಮ ಪಾತ್ರ ಏನು ಹೇಳಿತು, ಏನು ಮಾಡಿತು ಎಂಬುದನ್ನು ಸರದಿಯಂತೆ ಬರೆಯುತ್ತಾ ಹೋಗುತ್ತಾರೆ. ಕಥೆ ನಡೆಯುವ ಊರು, ಕಾಲ, ಕಟ್ಟುಪಾಡುಗಳನ್ನು ನೋಡಿಕೊಳ್ಳಲು ಒಬ್ಬ ಸೂತ್ರಧಾರ ಇರುತ್ತಾನೆ. ಕಥೆ ಯಾವ ಕಡೆಗೆ ತಿರುಗುತ್ತದೆ ಎಂಬುದು ಅವನಿಗೂ ಮೊದಲೇ ಗೊತ್ತಿರುವುದಿಲ್ಲ. ಹೀಗಾಗಿ ಆಟದ ಅರ್ಧ ಹಣೆಬರಹ ಆಟ ಶುರುವಾಗುವ ಮುನ್ನವೇ, ಪಾತ್ರ ಕಟ್ಟುವಾಗಲೇ ತೀರ್ಮಾನವಾಗಿರುತ್ತದೆ.

ಇದರ ಇತಿಹಾಸ ಚಿಕ್ಕದು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟವನ್ನು ಹೊರತಂದರು. ಅದರಲ್ಲಿ ಪಾತ್ರವೆಂದರೆ ಮೊದಲಿಗೆ ಆರು ಅಂಕಿ: ಬಲ, ಚುರುಕು, ಮೈಗಟ್ಟು, ಬುದ್ಧಿ, ವಿವೇಕ, ವರ್ಚಸ್ಸು. ಮೂರು ದಾಳ ಉರುಳಿಸಿದರೆ 3ರಿಂದ 18ರೊಳಗೆ ಏನು ಬೀಳುತ್ತದೋ ಅದೇ ಗುಣ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಬರೀ ಅಕ್ಷರಗಳಲ್ಲಿ ಹಲವರು ಒಟ್ಟಿಗೆ ಆಡುವ ಲೋಕವನ್ನು ಕಂಪ್ಯೂಟರಿನೊಳಗೆ ತಂದಿತು. 1990ರ ‘ಲ್ಯಾಂಬ್ಡಾಮೂ’ದಲ್ಲಿ ಆಟಗಾರರು ತಮ್ಮ ರೂಪವನ್ನಷ್ಟೇ ಅಲ್ಲ, ತಾವಿರುವ ಕೋಣೆಯನ್ನೂ ತಾವೇ ಬರೆದುಕೊಳ್ಳಬಹುದಿತ್ತು. ಅಂಕಿಗಳ ಕಾಲ ಪೂರ್ತಿ ಮುಗಿದಿಲ್ಲ. ಆದರೆ ಬರೆದು ಆಡುವ ಗುಂಪುಗಳಲ್ಲಿ ಈಗ ಅಂಕಿಗಿಂತ ಮಾತಿಗೆ ಬೆಲೆ ಹೆಚ್ಚು.

ಮಾತಿನಲ್ಲೇ ಪಾತ್ರ ನಿಲ್ಲಿಸುವ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಕರಾವಳಿ, ಮಲೆನಾಡು, ಕಾಸರಗೋಡಿನ ತಾಳಮದ್ದಳೆಯಲ್ಲಿ ಅರ್ಥಧಾರಿ ಪಂಚೆ ಶಲ್ಯದಲ್ಲಿ ಕುಳಿತೇ ಕೌರವನಾಗುತ್ತಾನೆ. ಭಾಗವತರು ಪದ ಹೇಳಿ ನಿಲ್ಲಿಸಿದೊಡನೆ ಅದರ ಅರ್ಥವನ್ನು ಆಶುವಾಗಿ ಬೆಳೆಸುತ್ತಾನೆ. ಪಾತ್ರ ಮೊದಲ ಬಾರಿ ಬಾಯಿ ತೆರೆದು ತನ್ನ ನಿಲುವನ್ನು ಮಂಡಿಸುವ ಭಾಗಕ್ಕೆ ಅಲ್ಲಿ ಪೀಠಿಕೆ ಎನ್ನುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು, ಮಲ್ಪೆಯ ಸಾಮಗ ಸಹೋದರರು ಈ ಕಲೆಯನ್ನು ಎಷ್ಟು ಎತ್ತರಕ್ಕೆ ಒಯ್ದರೆಂದರೆ, ಪ್ರೇಕ್ಷಕರು ಪ್ರಸಂಗ ಯಾವುದು ಎಂದು ಕೇಳುವ ಮೊದಲು ವಾಲಿ ಯಾರದು, ರಾಮ ಯಾರದು ಎಂದು ವಿಚಾರಿಸುತ್ತಿದ್ದರು. ವಾಲಿವಧೆಯಲ್ಲಿ ವಾಲಿ ಸಾಯಲೇಬೇಕು, ಅದರಲ್ಲಿ ಅನುಮಾನವಿಲ್ಲ. ಸಾಯುವ ಮುನ್ನ ಅವನು ರಾಮನನ್ನು ಎಂಥ ಪ್ರಶ್ನೆಗಳಲ್ಲಿ ಸಿಕ್ಕಿಸುತ್ತಾನೆ ಎಂಬುದೇ ರುಚಿ. ಆದರೆ ರಾಮನ ಪಾತ್ರಧಾರಿಗೆ ಉತ್ತರಿಸಲು ಎಡೆಯೇ ಇಲ್ಲದಂತೆ ವಾಲಿ ಮಾತನ್ನು ಮುಚ್ಚಿಬಿಟ್ಟರೆ ಕೂಟ ಕೆಡುತ್ತದೆ. ಇಂದು ಪರದೆಯ ಮೇಲೆ ಬರೆದು ಆಡುವವರಿಗೂ ಇದೇ ಮೊದಲ ಪಾಠ. ಪಾತ್ರ ಎಷ್ಟು ಬಲಶಾಲಿ ಎಂಬುದಕ್ಕಿಂತ, ಎದುರಿನವರಿಗೆ ಅದು ಎಷ್ಟು ಮಾತು ಹುಟ್ಟಿಸುತ್ತದೆ ಎಂಬುದೇ ಮುಖ್ಯ.

ದೊಡ್ಡಾಟದಲ್ಲಿ ಸಾರಥಿ ರಂಗಕ್ಕೆ ಬಂದ ಪಾತ್ರವನ್ನು ತಡೆದು ವಿಚಾರಿಸುತ್ತಾನೆ: ಯಾರು, ಯಾವ ಊರು, ಬಂದ ಕಾರಣವೇನು. ಪಾತ್ರದ ಪರಿಚಯಪತ್ರಕ್ಕೆ ಇಷ್ಟು ಸಾಕು. ಹೊಸಬರು ಎಡವುವುದು ಮೂರನೆಯ ಪ್ರಶ್ನೆಯಲ್ಲಿ. ಕಣ್ಣಿನ ಬಣ್ಣ, ಕತ್ತಿಯ ಹೆಸರು, ಕೊಲೆಯಾದ ತಂದೆ ತಾಯಿ, ಏಳು ತಲೆಮಾರಿನ ಶಾಪ ಎಲ್ಲವನ್ನೂ ಮೂರು ಪುಟ ಬರೆದಿರುತ್ತಾರೆ. ಆ ಪಾತ್ರ ಇವತ್ತು ಈ ಊರಿಗೆ ಯಾಕೆ ಬಂತು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಬಂದ ಕಾರಣವಿಲ್ಲದ ಪಾತ್ರ ಮೂಲೆಯಲ್ಲಿ ತೋಳು ಕಟ್ಟಿಕೊಂಡು ನಿಂತುಬಿಡುತ್ತದೆ. ಅಂತರ್ಜಾಲದ ಆಟಗಳ ಮೂಲೆಗಳಲ್ಲಿ ಹೀಗೆ ಮುನಿಸಿಕೊಂಡು ನಿಂತ ವೀರರು ಬೇಕಾದಷ್ಟು ಮಂದಿ ಸಿಗುತ್ತಾರೆ.

ಚೆನ್ನಾಗಿ ಕಟ್ಟಿದ ಪಾತ್ರಕ್ಕೆ ವಿರಾಟಪರ್ವಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಅಜ್ಞಾತವಾಸಕ್ಕಾಗಿ ಪಾಂಡವರು ಒಬ್ಬೊಬ್ಬರೂ ತಮಗೊಂದು ಹೆಸರು, ಕಸುಬು, ಹಿನ್ನೆಲೆ ಕಟ್ಟಿಕೊಂಡರು. ಭೀಮ ವಲಲನೆಂಬ ಅಡುಗೆಯವನಾದ. ಹಸಿವಿನ ಆಸಾಮಿಗೆ ಅಡುಗೆಮನೆಯೇ ಸರಿಯಾದ ತಾಣ. ಅರ್ಜುನನಿಗಿದ್ದ ಊರ್ವಶಿಯ ಶಾಪವೇ ಬೃಹನ್ನಳೆಯ ವೇಷವಾಯಿತು. ಹಿಂದೆ ಯುಧಿಷ್ಠಿರನ ಆಶ್ರಯದಲ್ಲಿದ್ದೆವು ಎಂಬ ಅರ್ಧ ಸತ್ಯವನ್ನು ಅವರು ಪರಿಚಯಕ್ಕೆ ಬಳಸಿಕೊಂಡರು. ಪ್ರತಿ ಪಾತ್ರದಲ್ಲೂ ಕೈಯಲ್ಲಿರುವ ಒಂದು ವಿದ್ಯೆ, ಮುಚ್ಚಿಡಬೇಕಾದ ಒಂದು ಗುಟ್ಟು, ಗುಟ್ಟು ಬಯಲಾಗುವ ಒಂದು ಅಪಾಯ ಇದೆ. ಕೀಚಕ ಬಂದದ್ದೇ ತಡ, ಕಥೆ ತಾನಾಗಿ ಉರುಳುತ್ತದೆ.

ಇದನ್ನೇ ಚಿಂತಾಮಣಿ ಸೀಮೆಗೆ ತಂದು ನೋಡಬಹುದು. ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ ಎಂಬುದು ಸ್ಥಳಪುರಾಣ. ಭೀಮ ಬಕಾಸುರನನ್ನು ಕೊಂದದ್ದು ಇಲ್ಲಿಯೇ ಎನ್ನುತ್ತಾರೆ. ಅವನ ಹೆಸರಿನ ಭೀಮಲಿಂಗೇಶ್ವರ ಗುಡಿ ಊರಿನಲ್ಲಿದೆ. ಪಾತ್ರದಾಟಕ್ಕೆ ಇಂಥ ಊರು ಸಿಗುವುದು ಅಪರೂಪ. ಸರದಿಯಂತೆ ಒಂದೊಂದು ಮನೆಯಿಂದ ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ ರಾಕ್ಷಸನಿಗೆ ಹೋಗಬೇಕು. ಬ್ರಾಹ್ಮಣನ ಮನೆಯಲ್ಲಿ ಐವರು ಮಕ್ಕಳೊಡನೆ ಒಬ್ಬ ತಾಯಿ ಬಿಡಾರ ಹೂಡಿದ್ದಾಳೆ. ಭಿಕ್ಷೆಯ ಅರ್ಧ ಪಾಲು ಒಬ್ಬನ ಹೊಟ್ಟೆಗೇ ಹೋಗುತ್ತದೆ. ಊರಿಗೆಲ್ಲ ಭಯ, ಮನೆಮನೆಗೂ ಲೆಕ್ಕ.

ಇಂಥ ಆಟ ಪ್ರಕಟವಾದೊಡನೆ ಭೀಮನ ಪಾತ್ರಕ್ಕೆ ನೂಕುನುಗ್ಗಲು. ಅದು ಸಿಗದವರು ಭೀಮನಷ್ಟೇ ಬಲವುಳ್ಳ, ಭೀಮನಿಗೂ ಗೊತ್ತಿರದ ಅವನ ಗೆಳೆಯನೊಬ್ಬನನ್ನು ಸೃಷ್ಟಿಸುತ್ತಾರೆ. ನಾಲ್ವರು ಭೀಮರಿರುವ ಆಟ ಎರಡು ದಿನಕ್ಕೆ ಮುಗಿಯುತ್ತದೆ. ರಸಿಕನಾದ ಆಟಗಾರ ಬೇರೆಯೇ ಪ್ರಶ್ನೆ ಕೇಳಿಕೊಳ್ಳುತ್ತಾನೆ: ಈ ಸರದಿಯ ಪಟ್ಟಿ ಇಡುವವನು ಯಾರು?

ಅವನನ್ನು ಶಾನುಭೋಗ ನರಸಯ್ಯ ಎನ್ನೋಣ. ಪುರಾಣದ ಊರಿಗೆ ಶಾನುಭೋಗನನ್ನು ತಂದದ್ದು ಕಾಲದೋಷ ನಿಜ, ಆದರೆ ಬಯಲಾಟ ಕಂಡವರು ಇದಕ್ಕೆಲ್ಲ ತಕರಾರು ತೆಗೆಯುವುದಿಲ್ಲ. ಹೆಸರು ಊರಿಗೆ ಒಪ್ಪುತ್ತದೆ, ಬಾಯಲ್ಲಿ ಸಲೀಸಾಗಿ ನಿಲ್ಲುತ್ತದೆ. ಅವನ ಕೈಯಲ್ಲಿ ಕತ್ತಿಯ ಬದಲು ಕಡತವಿದೆ. ಹುಣಸೆಬೀಜದ ಸರಿಗೆ ಇದ್ದಿಲು ಕಲಸಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿದ ಲೆಕ್ಕದ ಪುಸ್ತಕ ಅದು. ಹಳೆಯ ಮೈಸೂರು ಸೀಮೆಯ ಲೆಕ್ಕಪತ್ರಗಳನ್ನು ಇಂಥ ಕಡತದಲ್ಲಿ ಬಳಪ ಹಿಡಿದು ಬರೆಯುತ್ತಿದ್ದರು. ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದು. ನರಸಯ್ಯನ ಗುಟ್ಟು ಇರುವುದು ಅಲ್ಲಿಯೇ: ತನ್ನ ಮನೆಯ ಸರದಿ ಬಂದಾಗ ಅವನು ಒಂದು ಹೆಸರು ಒರೆಸಿ ಇನ್ನೊಂದು ಬರೆದಿದ್ದಾನೆ. ಹಾಗೆ ಹೋದವನ ಹೆಂಡತಿ ಇದೇ ಬೀದಿಯಲ್ಲಿದ್ದಾಳೆ.

ಈ ಒಂದು ಸಂಗತಿಯಿಂದ ಪಾತ್ರ ನಿಂತಿತು. ಅವನಿಗೆ ಬೇಕಾದದ್ದು ಸ್ಪಷ್ಟ: ಮಗನನ್ನು ಉಳಿಸಿಕೊಳ್ಳಬೇಕು, ಕಡತ ಯಾರ ಕೈಗೂ ಸಿಗಬಾರದು. ಊರಿನ ಪ್ರತಿ ಪಾತ್ರಕ್ಕೂ ಅವನೊಡನೆ ಕೆಲಸವಿದೆ. ಬಡವ ಕಾಲು ಹಿಡಿಯಲು ಬರಬಹುದು, ಸಾಹುಕಾರ ಲಂಚ ತರಬಹುದು. ಹೊಸದಾಗಿ ಬಿಡಾರ ಹೂಡಿದ ಐವರನ್ನು ಪಟ್ಟಿಗೆ ಸೇರಿಸಬೇಕೆ ಬೇಡವೆ ಎಂಬ ಪ್ರಶ್ನೆಯೊಂದೇ ವಾರಗಟ್ಟಲೆ ಆಟಕ್ಕೆ ಸಾಕು. ಬಲದಲ್ಲಿ ನರಸಯ್ಯನಿಗೆ ದಾಳ 3 ಬಿದ್ದಿದ್ದರೂ ಚಿಂತೆಯಿಲ್ಲ.

ಪಾತ್ರಕ್ಕೆ ದನಿ ಕೊಡುವುದು ಇದಕ್ಕಿಂತ ಕಷ್ಟ. ಅಕ್ಷರದಾಟದಲ್ಲಿ ಮಾತಿನ ಧಾಟಿಯೇ ಮುಖ. ಎಲ್ಲ ಪಾತ್ರಗಳೂ ಪಠ್ಯಪುಸ್ತಕದ ಕನ್ನಡ ಮಾತಾಡಿದರೆ ಯಾರು ಯಾರೆಂದು ತಿಳಿಯುವುದಿಲ್ಲ. ಹಾಗೆಂದು ಪ್ರತಿ ಸಾಲಿಗೂ ಆಡುಮಾತನ್ನು ಹೇರಿದರೆ ಓದುವವರಿಗೆ ಸುಸ್ತು. ಚಿಂತಾಮಣಿ ಕನ್ನಡ, ತೆಲುಗು ಎರಡೂ ಬೆರೆತ ಸೀಮೆ. ಕೈವಾರದ ತಾತಯ್ಯನವರು ಎರಡು ನುಡಿಗಳಲ್ಲೂ ಹಾಡು ಕಟ್ಟಿದರು. ನರಸಯ್ಯ ಕನ್ನಡದಲ್ಲೇ ವ್ಯವಹರಿಸಲಿ, ಗಾಬರಿಯಾದಾಗ ಮಾತ್ರ ಹೆಸರುಗಳನ್ನು ‘ಒಕಟಿ, ರೆಂಡು’ ಎಂದು ಎಣಿಸಲಿ. ಒಂದೇ ಗುರುತು, ಅದೂ ಅಪರೂಪಕ್ಕೆ. ಮೂರನೆಯ ಬಾರಿ ಅವನು ‘ಒಕಟಿ’ ಎಂದಾಗ ಎದುರಿನ ಆಟಗಾರ ತಾನೇ ಎಚ್ಚೆತ್ತುಕೊಳ್ಳುತ್ತಾನೆ.

ಇನ್ನು ಮೊದಲ ಪ್ರವೇಶ. ಕಳಪೆ ಬರಹ ಹೀಗಿರುತ್ತದೆ: ‘ನರಸಯ್ಯ ಬಂದ. ಅವನ ಕಣ್ಣಲ್ಲಿ ಬೆಂಕಿಯಿತ್ತು. ನೆರೆದವರೆಲ್ಲ ನಡುಗಿ ತಲೆ ತಗ್ಗಿಸಿದರು.’ ನಡುಗಬೇಕೋ ಬೇಡವೋ ಎಂಬುದು ಆ ನೆರೆದವರ ಪಾತ್ರಧಾರಿಗಳಿಗೆ ಬಿಟ್ಟದ್ದು. ಇನ್ನೊಬ್ಬರ ಪಾತ್ರವನ್ನು ತಾನೇ ಆಡಿಸುವುದು ಈ ಆಟದಲ್ಲಿ ದೊಡ್ಡ ಅಪಚಾರ. ಸಮರ್ಥ ಬರಹ ಹೀಗೆ ಸಾಗಬಹುದು: ‘ನರಸಯ್ಯ ಜಗಲಿಯ ಮೇಲೆ ಕಡತ ಬಿಚ್ಚಿದ. ಒಂದು ಹೆಸರಿನ ಮೇಲೆ ಹೆಬ್ಬೆರಳು ಒತ್ತಿಕೊಂಡು, ಈ ಸಲ ಯಾರ ಮನೆ ಅಂತ ನಿಮಗೂ ನೆನಪಿರಬೇಕಲ್ಲ ಪುರೋಹಿತರೆ, ಎಂದ.’ ಇಲ್ಲಿ ಪುರೋಹಿತ ಸುಳ್ಳು ಹೇಳಬಹುದು, ಅಳಬಹುದು, ಹೆಬ್ಬೆರಳು ಎತ್ತು ಎನ್ನಬಹುದು. ಯಾವುದನ್ನು ಮಾಡಿದರೂ ಆಟ ಮುಂದೆ ಹೋಗುತ್ತದೆ.

ತಿಳಿದಿರಬೇಕಾದ ಇನ್ನೊಂದು ಗೆರೆಯಿದೆ. ಆಟಗಾರನಿಗೆ ಗೊತ್ತಿರುವುದೆಲ್ಲ ಪಾತ್ರಕ್ಕೆ ಗೊತ್ತಿರುವುದಿಲ್ಲ. ಭಿಕ್ಷುಕ ವೇಷದ ಐವರು ಪಾಂಡವರೆಂದು ಮಹಾಭಾರತ ಕೇಳಿದ ಮಗುವಿಗೂ ಗೊತ್ತು; ನರಸಯ್ಯನಿಗೆ ಗೊತ್ತಿಲ್ಲ. ಗೊತ್ತಿಲ್ಲದವನಂತೆ ಬರೆಯುವುದಕ್ಕೆ ಸಂಯಮ ಬೇಕು. ಹಳಬರನ್ನು ಹೊಸಬರಿಂದ ಬೇರೆ ಮಾಡುವುದು ಬಹುಮಟ್ಟಿಗೆ ಇದೇ.

ಬರೆಯುವ ಸಲಕರಣೆಯ ತೊಡಕು ಈಗ ಹೆಚ್ಚಿಲ್ಲ. 1998ರಲ್ಲಿ ಬಂದ ‘ಬರಹ’, ಅನಂತರದ ‘ನುಡಿ’, ಈಗಿನ ಮೊಬೈಲ್ ಕೀಲಿಮಣೆಗಳಿಂದ ಕನ್ನಡದಲ್ಲೇ ಆಡಬಹುದು. ವಾಟ್ಸಾಪ್ ಅಥವಾ ಟೆಲಿಗ್ರಾಂ ಗುಂಪಿನಲ್ಲಿ ನಾಲ್ಕೈದು ಮಂದಿ ಸೇರಿದರೆ ಕೂಟ ಸಿದ್ಧ. ಪರಿಚಯಪತ್ರ ಅರ್ಧ ಪುಟ ಮೀರಬಾರದು. ಮೀರಿದ್ದನ್ನು ಸೂತ್ರಧಾರರು ಓದುವುದಿಲ್ಲ.

ಪಾತ್ರದ ಸಾವನ್ನೂ ಆಟಕ್ಕೆ ಮುನ್ನವೇ ಮಾತಾಡಿಕೊಂಡಿರಬೇಕು. ಆಡುವವರ ಒಪ್ಪಿಗೆಯಿಲ್ಲದೆ ಅವರ ಪಾತ್ರವನ್ನು ಕೊಲ್ಲುವಂತಿಲ್ಲ ಎಂಬುದು ಬಹಳಷ್ಟು ಗುಂಪುಗಳ ಕಟ್ಟಳೆ. ಬಕಾಸುರನ ಪಾತ್ರ ವಹಿಸುವವರು ಮಾತ್ರ ಆ ಒಪ್ಪಿಗೆಯನ್ನು ಮೊದಲ ದಿನವೇ ಕೊಟ್ಟಿರಬೇಕಾಗುತ್ತದೆ.